ಉತ್ತರ ಕೊಟ್ಟಿದ್ದು ಯಾವ ವಿಮಾನ?

ಕಮರ್ಷಿಯಲ್ ಪೈಲಟ್ ಲೈಸೆನ್ಸಿಗಾಗಿ ಅರಿಜೋನಾಗೋ ಫ್ಲಾರಿಡಾಗೋ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಮೊದಮೊದಲು ವಿಚಿತ್ರ ಅನ್ನಿಸುವುದು ಟವರ್ ಇಲ್ಲದ ಏರ್‌ಪೋರ್ಟು. ಇಳಿಯಿರಿ, ಏರಿರಿ ಎಂದು ಹೇಳುವವರು ಅಲ್ಲಿ ಯಾರೂ ಇಲ್ಲ. ಎಲ್ಲರಿಗೂ ಒಂದೇ ಫ್ರೀಕ್ವೆನ್ಸಿ. ತಾನೆಲ್ಲಿದ್ದೇನೆ, ಏನು ಮಾಡಲಿದ್ದೇನೆ ಎಂದು ಪ್ರತಿಯೊಬ್ಬರೂ ಅದರಲ್ಲಿ ಹೇಳಬೇಕು, ಉಳಿದವರು ಹೇಳಿದ್ದನ್ನು ಕೇಳಿಸಿಕೊಳ್ಳಬೇಕು. ರೇಡಿಯೊನೇ ಇಲ್ಲದ ವಿಮಾನ ಕೂಡ ಕಾನೂನು ಪ್ರಕಾರವೇ ಅಲ್ಲಿಗೆ ಬಂದಿಳಿಯಬಹುದು. ಬಹುತೇಕ ದಿನ ಇದೆಲ್ಲ ಸಲೀಸಾಗಿ ನಡೆದುಹೋಗುತ್ತದೆ. ಎಲ್ಲಿ ಕೈಕೊಡುತ್ತದೆ ಅಂತ ತಿಳಿಯಬೇಕಾದರೆ ಇಲಿನಾಯ್ ರಾಜ್ಯದ ಕ್ವಿನ್ಸಿಯ ಪ್ರಕರಣ ನೋಡಬೇಕು.

1996ರ ನವೆಂಬರ್ 19, ಸಂಜೆ ಐದರ ಸಮಯ. ಹತ್ತು ಪ್ರಯಾಣಿಕರು, ಇಬ್ಬರು ಪೈಲಟ್‌ಗಳಿದ್ದ ಬೀಚ್ 1900 ವಿಮಾನ ರನ್‌ವೇ 13ರಲ್ಲಿ ಇಳಿಯಲು ಬರುತ್ತಿತ್ತು. ಅದನ್ನು ಅಡ್ಡ ಹಾಯುವ ರನ್‌ವೇ 04ರಲ್ಲಿ ಒಂದು ಕಿಂಗ್ ಏರ್ ವಿಮಾನ, ಅದರ ಬೆನ್ನಿಗೆ ಒಂದು ಪುಟ್ಟ ಪೈಪರ್ ಚೆರೋಕಿ. ಕಿಂಗ್ ಏರ್ ರನ್‌ವೇಗೆ ಬರುತ್ತೇನೆಂದು ಹೇಳಿ ಬಂದು, ಅಲ್ಲೇ ಸುಮಾರು ಒಂದು ನಿಮಿಷ ನಿಂತುಬಿಟ್ಟಿತು. ಇಳಿಯುತ್ತಿದ್ದ ವಿಮಾನದ ಕ್ಯಾಪ್ಟನ್ ರೇಡಿಯೊದಲ್ಲಿ ನೇರವಾಗಿಯೇ ಕೇಳಿದರು: 04ರಲ್ಲಿರುವವರು ನಿಂತಿರುತ್ತೀರೋ, ಹೊರಡುತ್ತೀರೋ? ಕಿಂಗ್ ಏರ್‌ನಿಂದ ಸದ್ದಿಲ್ಲ. ಉತ್ತರ ಬಂದದ್ದು ಹಿಂದಿದ್ದ ಚೆರೋಕಿಯಿಂದ. ಆ ಪೈಲಟ್ ತನ್ನ ನಂಬರನ್ನೇ ಹೇಳಿ, ಹೊರಡಲು ಕಾಯುತ್ತಿದ್ದೇನೆ ಎಂದ. ಮಾತಿನ ನಡುವೆ ಬೀಚ್ 1900ರ ಕಾಕ್‌ಪಿಟ್‌ನಲ್ಲಿ ಎತ್ತರ ಎಚ್ಚರಿಸುವ ಯಂತ್ರ "ಟೂ ಹಂಡ್ರೆಡ್" ಎಂದು ಕೂಗಿತು. ಒಂದಿಷ್ಟು ಮಾತು ಅದರಲ್ಲಿ ಮುಳುಗಿತು. ಅವರ ಪಾಲಿಗೆ ಉಳಿದದ್ದು, 04ರಲ್ಲಿರುವವರು ಕಾಯುತ್ತಾರೆ ಎಂಬ ಅರ್ಥ. ಥ್ಯಾಂಕ್ಸ್ ಹೇಳಿ ಇಳಿದರು. ಕಿಂಗ್ ಏರ್ ಏನೂ ಹೇಳದೆ ಟೇಕಾಫ್‌ಗೆ ಓಡತೊಡಗಿತು. ಎರಡೂ ರನ್‌ವೇ ಕೂಡುವಲ್ಲಿ ಡಿಕ್ಕಿ. ಎರಡೂ ವಿಮಾನದಲ್ಲಿದ್ದ ಹದಿನಾಲ್ಕು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಅಪಘಾತಗಳ ತನಿಖೆ ಮಾಡುವ ಅಮೆರಿಕದ ಎನ್‌ಟಿಎಸ್‌ಬಿ ಮುಖ್ಯ ತಪ್ಪನ್ನು ಕಿಂಗ್ ಏರ್‌ನವರ ಮೇಲೆ ಹೊರಿಸಿತು: ರೇಡಿಯೊ ಸರಿಯಾಗಿ ಕೇಳಲಿಲ್ಲ, ಸುತ್ತ ಸರಿಯಾಗಿ ನೋಡಲಿಲ್ಲ. ಚೆರೋಕಿಯ ತುಂಡಾದ ಮಾತನ್ನೂ ಕಾರಣಗಳಲ್ಲಿ ಸೇರಿಸಿತು. ಬೀಚ್ 1900ರ ಬಾಗಿಲು ತೆರೆಯದೇ ಹೋದದ್ದು, ಸಾಕಷ್ಟು ಅಗ್ನಿಶಾಮಕ ವ್ಯವಸ್ಥೆ ಇಲ್ಲದ್ದು ಸಾವುಗಳನ್ನು ಹೆಚ್ಚಿಸಿತು ಎಂದಿತು. ನನ್ನ ಲೆಕ್ಕದಲ್ಲಿ ಆ ಸಂಜೆ ಎಲ್ಲರಿಗಿಂತ ಶಿಸ್ತಾಗಿ ರೇಡಿಯೊ ಬಳಸಿದ್ದು ಬೀಚ್ 1900ರವರೇ. ಆದರೂ ಒಂದು ಪ್ರಶ್ನೆ ಬಾಕಿ ಉಳಿಯಿತು: "ಈಗ ಮಾತಾಡಿದ್ದು ಕಿಂಗ್ ಏರೇನಾ?" ಹೌದು ಎನ್ನುವ ಉತ್ತರ ಆ ವಿಮಾನದಿಂದಲೇ ಬರದಿದ್ದರೆ ಗೋ-ಅರೌಂಡ್ ಮಾಡಬೇಕು, ಅಂದರೆ ಇಳಿಯದೆ ಮತ್ತೆ ಮೇಲೇರಬೇಕು. ಬೇಕಾದ ಉತ್ತರಕ್ಕಾಗಿ ಕಾದಿರುವ ಕಿವಿಗೆ ಬೇರೆಯವರ ನಂಬರು ಕೇಳಿಸುವುದೇ ಇಲ್ಲ.

ಕಿಂಗ್ ಏರ್ ಕಡೆಯಿಂದ ಕಲಿಯುವುದು ಇನ್ನೂ ಸರಳ. ಹೊರಡಲು ಸಿದ್ಧವಾಗುವ ತನಕ ರನ್‌ವೇಗೆ ಕಾಲಿಡಬೇಡಿ. ಚೆಕ್‌ಲಿಸ್ಟು, ಜಿಪಿಎಸ್, ಪಕ್ಕದವರಿಗೆ ಪಾಠ, ಎಲ್ಲವೂ ರನ್‌ವೇಗೆ ಮುಂಚೆ ನಿಲ್ಲಬೇಕಾದ ಗೆರೆಯ, ಅಂದರೆ ಹೋಲ್ಡ್ ಲೈನಿನ ಈಚೆಗೇ ಮುಗಿಯಲಿ. ರನ್‌ವೇ ಮೇಲೆ ನಿಂತ ವಿಮಾನದ ಬೆನ್ನು ಫೈನಲ್ ಕಡೆಗೆ, ಅಂದರೆ ಇಳಿಯುವವರು ನೇರವಾಗಿ ಬರುವ ಕೊನೆಯ ದಾರಿಯ ಕಡೆಗೆ ಇರುತ್ತದೆ, ಬರುವವರು ಕಾಣುವುದಿಲ್ಲ. ಹೋಲ್ಡ್ ಲೈನಿನಲ್ಲಿ ಮೂಗನ್ನು ಫೈನಲ್ ಕಡೆಗೆ ಓರೆಯಾಗಿ ತಿರುಗಿಸಿ ನಿಲ್ಲಿ. ಸೆಸ್ನಾ ವಿಮಾನದ ರೆಕ್ಕೆ ಮೇಲಿರುವುದರಿಂದ ನೇರ ನಿಂತರೆ ಬೇಸ್ ಲೆಗ್ಗಿನಲ್ಲಿ, ಅಂದರೆ ಫೈನಲ್‌ಗೆ ತಿರುಗುವ ಮುಂಚಿನ ಅಡ್ಡ ದಾರಿಯಲ್ಲಿ ಇರುವ ವಿಮಾನ ರೆಕ್ಕೆಯ ಹಿಂದೆ ಮರೆಯಾಗುತ್ತದೆ. ಫೈನಲ್ ಆಯಿತು, ಬೇಸ್ ಆಯಿತು, ಎದುರು ತುದಿಯನ್ನೂ ಅಡ್ಡ ರನ್‌ವೇಯ ಎರಡೂ ತುದಿಗಳನ್ನೂ ನೋಡಿ. ಗಾಳಿ ಇಲ್ಲದ ದಿನ ಯಾರು ಯಾವ ಕಡೆಯಿಂದ ಬೇಕಾದರೂ ಬರುತ್ತಾರೆ. ಒಳಗೆ ಹೋಗುವಾಗ ಲ್ಯಾಂಡಿಂಗ್ ಲೈಟ್, ಮಿನುಗುವ ಸ್ಟ್ರೋಬ್ ದೀಪ ಎರಡೂ ಆನ್ ಇರಲಿ.

ರೇಡಿಯೊ ಸುಮ್ಮನಿದೆ ಅಂದರೆ ಆಕಾಶ ಖಾಲಿ ಎಂದು ಅರ್ಥವಲ್ಲ. ಫ್ರೀಕ್ವೆನ್ಸಿ ತಪ್ಪಿರಬಹುದು, ಆಡಿಯೊ ಪ್ಯಾನೆಲ್‌ನಲ್ಲಿ ಇನ್ನೊಂದು ಕಾಮ್ (ರೇಡಿಯೊ) ಆಯ್ಕೆಯಾಗಿರಬಹುದು, ವಾಲ್ಯೂಮ್ ಇಳಿದಿರಬಹುದು. ಮಾತಿಲ್ಲದಾಗ ರೇಡಿಯೊದ ಗದ್ದಲವನ್ನು ಅಡಗಿಸುವ ಸ್ಕ್ವೆಲ್ಚ್ ತೆರೆದು ನೋಡಿ, ಬುಸ್ ಅನ್ನುವ ಸದ್ದು ಬರಬೇಕು. ಗುಂಡಿ ಒತ್ತದೇ ಇದ್ದಾಗಲೂ ಟ್ರಾನ್ಸ್‌ಮಿಟ್ ಗುರುತು ಹೊತ್ತಿಕೊಂಡಿದ್ದರೆ ಮೈಕ್ ಅಂಟಿಕೊಂಡಿದೆ ಅಂತ. ಆಗ ನಿಮಗೂ ಏನೂ ಕೇಳುವುದಿಲ್ಲ, ಬೇರೆಯವರಿಗೂ ಮಾತಾಡಲು ಬಿಟ್ಟಿಲ್ಲ. ಇಬ್ಬರು ಒಟ್ಟಿಗೆ ಮಾತಾಡಿದರೆ ಉಳಿದವರಿಗೆ ಕೇಳುವುದು ಬರೀ ಕೀರಲು. ಹಾಗೆ ಕೇಳಿಸಿದರೆ ಮತ್ತೊಮ್ಮೆ ಹೇಳಲು ಕೇಳಿ.

ಹೇಳುವ ಕ್ರಮ: ಊರು, ವಿಮಾನ, ಎಲ್ಲಿ, ಏನು, ಮತ್ತೆ ಊರು. "ಕ್ವಿನ್ಸಿ ಟ್ರಾಫಿಕ್, ಬಿಳಿ ಸೆಸ್ನಾ, ಲೆಫ್ಟ್ ಬೇಸ್ ರನ್‌ವೇ 13, ಫುಲ್ ಸ್ಟಾಪ್, ಕ್ವಿನ್ಸಿ." ಫುಲ್ ಸ್ಟಾಪ್ ಎಂದರೆ ಇಳಿದು ಪೂರ್ತಿ ನಿಲ್ಲುತ್ತೇನೆ ಅಂತ. 122.8ರಂಥ ಒಂದೇ ಫ್ರೀಕ್ವೆನ್ಸಿಯನ್ನು ಹಲವು ಏರ್‌ಪೋರ್ಟುಗಳು ಹಂಚಿಕೊಳ್ಳುವುದರಿಂದ ಊರಿನ ಹೆಸರು ಎರಡು ಸಲ ಬೇಕು. ಹತ್ತು ಮೈಲಿ ದೂರದಿಂದಲೇ ಶುರು ಮಾಡಿ.

ದೂರ ಹೇಳುವುದರಲ್ಲೂ ಒಂದು ಮೋಸವಿದೆ. 2022ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ಸರ್ಕ್ಯೂಟ್ (ಏರ್‌ಪೋರ್ಟಿನ ಸುತ್ತು) ಹಾರುತ್ತಿದ್ದ ಸೆಸ್ನಾ 152ಕ್ಕೂ ನೇರ ಫೈನಲ್‌ಗೆ ಬಂದ ಅವಳಿ ಎಂಜಿನ್ನಿನ ಸೆಸ್ನಾ 340ಕ್ಕೂ ಡಿಕ್ಕಿಯಾಗಿ ಮೂವರು ಸತ್ತರು. ಇಬ್ಬರೂ ರೇಡಿಯೊದಲ್ಲಿ ಹೇಳುತ್ತಲೇ ಇದ್ದರು. ಆದರೆ 340 ಬರುತ್ತಿದ್ದದ್ದು ಸುಮಾರು 180 ನಾಟ್, ಅಂದರೆ ಗಂಟೆಗೆ 180 ನಾಟಿಕಲ್ ಮೈಲಿ ವೇಗದಲ್ಲಿ. ಮೂರು ಮೈಲಿ ಫೈನಲ್ ಎಂದರೆ ಆ ವೇಗಕ್ಕೆ ಒಂದೇ ನಿಮಿಷ. 60 ನಾಟ್‌ನಲ್ಲಿ ಬರುವ ತರಬೇತಿ ವಿಮಾನಕ್ಕೆ ಮೂರು ನಿಮಿಷ. ದೊಡ್ಡ ವಿಮಾನ ಮೂರು ಮೈಲಿ ಅಂದರೆ ಬೇಸ್‌ಗೆ ತಿರುಗದೆ ಅದು ಕಣ್ಣಿಗೆ ಬೀಳುವ ತನಕ ರನ್‌ವೇಗೆ ಸಮಾನಾಂತರವಾಗಿ ಹಾರುವ ಡೌನ್‌ವಿಂಡನ್ನೇ ಉದ್ದ ಮಾಡಿ.

ಗೋ-ಅರೌಂಡ್ ಮಾಡುವಾಗ ಫುಲ್ ಥ್ರಾಟಲ್, ಮೂಗು ಹಿಡಿತದಲ್ಲಿ. ಸೆಸ್ನಾ 172ರಲ್ಲಿ ಮೊದಲು ಫ್ಲ್ಯಾಪ್ (ರೆಕ್ಕೆಯ ಹಿಂದೆ ಇಳಿಬಿಡುವ ಹಲಗೆ) 20 ಡಿಗ್ರಿಗೆ, ವಿಮಾನ ಏರತೊಡಗಿದ ಮೇಲೆ ಹಂತಹಂತವಾಗಿ ಉಳಿದದ್ದು. ಒಂದೇ ಸಲ ಪೂರ್ತಿ ಎತ್ತಿದರೆ ವಿಮಾನ ಕುಸಿಯುತ್ತದೆ. ಕೆಳಗೆ ರನ್‌ವೇ ಮೇಲೆ ಯಾರಾದರೂ ಇದ್ದರೆ ತುಸು ಬಲಕ್ಕೆ ಸರಿಯಿರಿ, ಆಗ ಎಡ ಸೀಟಿನಿಂದ ಅವರು ಕಾಣುತ್ತಾರೆ. ಊರಿಗೆ ಬಂದು ಜಕ್ಕೂರಿನಲ್ಲಿ ಹಾರುವವರು ಇದಕ್ಕೊಂದು ಲೆಕ್ಕ ಸೇರಿಸಿಕೊಳ್ಳಬೇಕು: ನೆಲವೇ ಸುಮಾರು 3000 ಅಡಿ ಎತ್ತರದಲ್ಲಿದೆ, ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಇದ್ದರೆ ಎಂಜಿನ್ನಿಗೆ ಸಿಗುವುದು 5900 ಅಡಿಯ ತೆಳು ಗಾಳಿ. ಏರುವ ಶಕ್ತಿ ಕಮ್ಮಿ, ಹಾಗಾಗಿ ನಿರ್ಧಾರ ಬೇಗ ಆಗಬೇಕು.

ಇಳಿದ ಮೇಲೆ ಬಾಲ ಕೂಡ ಹೋಲ್ಡ್ ಲೈನ್ ದಾಟಬೇಕು, ಆಮೇಲೆಯೇ "ಕ್ಲಿಯರ್" ಎನ್ನಿ. ಫ್ಲ್ಯಾಪ್ ಎತ್ತುವುದು, ಲೈಟ್ ಆರಿಸುವುದು ಕೂಡ ಅಲ್ಲಿ ನಿಂತಮೇಲೇ. ಮಡಚುವ ಗೇರ್ (ಚಕ್ರಗಳು) ಇರುವ ವಿಮಾನಗಳಲ್ಲಿ ಓಡುತ್ತಲೇ ಫ್ಲ್ಯಾಪ್ ಲಿವರ್ ಹುಡುಕಿದ ಕೈ ಗೇರ್ ಲಿವರ್ ಎತ್ತಿ, ಹೊಟ್ಟೆ ನೆಲಕ್ಕೆ ಕೂತ ಉದಾಹರಣೆಗಳಿಗೆ ಬರವಿಲ್ಲ.