ಓಟು ಕೇಳಲು ಬಂದವರನ್ನು ನಾನು ಕೇಳುವುದು

"ಇಷ್ಟೆಲ್ಲ ರಾಜಕೀಯ ಮಾತಾಡ್ತೀರಿ, ಎಂಎಲ್ಎ ಆಗೋಕೆ ನಿಂತೋರನ್ನ ಯಾವುದ್ರ ಮೇಲೆ ಅಳೀತೀರಿ ಮಾರಾಯ್ರೆ?" ಮದುವೆ ಮನೆ ಪಂಕ್ತಿಯಲ್ಲಿ, ಅಡಿಕೆ ಮಂಡಿ ಜಗಲಿಯಲ್ಲಿ, ಎಲ್ಲಿ ಕೂತರೂ ಈ ಪ್ರಶ್ನೆ ತಪ್ಪಿದ್ದಲ್ಲ. ಪಕ್ಷ ಯಾವುದು ಅಂತ ಹೇಳುವುದಿಲ್ಲ. ಅಳತೆ ಹೇಳುತ್ತೇನೆ. ಅವರ ಕೈಯಲ್ಲಿ ಏನಿದೆಯೋ ಅದನ್ನಷ್ಟೇ ಕೇಳುತ್ತೇನೆ.

ನಮ್ಮದು ಹೊಸನಗರ ತಾಲೂಕು. 2008ರ ಚುನಾವಣೆಯಿಂದ ಹೊಸನಗರ ಅನ್ನುವ ಕ್ಷೇತ್ರವೇ ಇಲ್ಲ; ತಾಲೂಕಿನ ಒಂದು ಪಾಲು ಸಾಗರಕ್ಕೆ, ಇನ್ನೊಂದು ತೀರ್ಥಹಳ್ಳಿಗೆ. ಹಿಸ್ಸೆಯಾದ ಮನೆಯ ಅಜ್ಜಿಯ ಹಾಗೆ ನಮ್ಮ ಸ್ಥಿತಿ. ಇಬ್ಬರು ಮಕ್ಕಳೂ ಬಾಯಿ ತುಂಬ ಮಾತಾಡಿಸುತ್ತಾರೆ, ಮಾತ್ರೆ ತರುವವರು ಮಾತ್ರ ಯಾರೂ ಇಲ್ಲ.

2023ರ ಏಪ್ರಿಲ್‌ನಲ್ಲಿ ಒಬ್ಬರು ಹತ್ತು ಹದಿನೈದು ಜನರ ಜೊತೆ ನಮ್ಮ ಅಂಗಳಕ್ಕೆ ಬಂದರು. ಬೆಲ್ಲ, ನೀರು ಕೊಟ್ಟಾಯಿತು. ಕೂತವರೇ ಶುರು ಮಾಡಿದರು: ಆರು ತಿಂಗಳಲ್ಲಿ ಶರಾವತಿ ಸಂತ್ರಸ್ತರಿಗೆ ಹಕ್ಕುಪತ್ರ, ಪಶ್ಚಿಮ ಘಟ್ಟವನ್ನು ಪರಿಸರ ಸೂಕ್ಷ್ಮ ಪ್ರದೇಶ ಮಾಡಬೇಕೆನ್ನುವ ಕಸ್ತೂರಿರಂಗನ್ ವರದಿ ಕಸದಬುಟ್ಟಿಗೆ, ಅಡಿಕೆಗೆ ಒಳ್ಳೇ ರೇಟು. ಸುತ್ತ ನಿಂತವರು ಹೌದು ಅಂತ ತಲೆಯಾಡಿಸಿದರು. ನನಗೆ ನಗು ಬಂತು.

ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮನೆ, ಗದ್ದೆ ಮುಳುಗಿದವರನ್ನು ತಂದು ಕಾಡಿನಲ್ಲಿ ಕೂರಿಸಿದರು, ದಾಖಲೆಯಲ್ಲಿ ಆ ಜಾಗ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬಿಡಿಸಲು ಕೇಂದ್ರದ ಒಪ್ಪಿಗೆ ಬೇಕು. ಅದಿಲ್ಲದೆ ಆ ಜಾಗವನ್ನು ಅರಣ್ಯದಿಂದ ಕೈಬಿಟ್ಟು ರಾಜ್ಯ ಹೊರಡಿಸಿದ್ದ ಡಿನೋಟಿಫಿಕೇಶನ್ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಕಸ್ತೂರಿರಂಗನ್ ವರದಿಯ ಅಂತಿಮ ಅಧಿಸೂಚನೆಯೂ ದೆಹಲಿಯದೇ. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ 2023ರ ಫೆಬ್ರವರಿಯಲ್ಲಿ ಏರಿಸಿದ್ದೂ ಕೇಂದ್ರವೇ. ಹಾಗಂತ ಎಂಎಲ್ಎ ಸುಮ್ಮನಿರಲಿ ಅಂತಲ್ಲ, ಒತ್ತಾಯ ಮಾಡಲಿ. ಆದರೆ ಆರು ತಿಂಗಳ ಗಡುವು ಕೊಡುವವರು ಒಂದೋ ವಿಷಯ ಗೊತ್ತಿಲ್ಲದವರು, ಇಲ್ಲಾ ನಮಗೆ ಗೊತ್ತಿಲ್ಲ ಅಂದುಕೊಂಡವರು.

ಎಂಎಲ್ಎ ಕೈಯಲ್ಲೇ ಇರುವುದು ಬಗರ್ ಹುಕುಂ ಸಮಿತಿ, ಅಂದರೆ ಸರ್ಕಾರಿ ಜಾಗ ಸಾಗುವಳಿ ಮಾಡಿದವರ ಸಕ್ರಮದ ಅರ್ಜಿ ನೋಡುವ ಸಮಿತಿ. ಅದಕ್ಕೆ ಅಧ್ಯಕ್ಷರು ಎಂಎಲ್ಎ, ಕಾರ್ಯದರ್ಶಿ ತಹಶೀಲ್ದಾರ್. ಸಭೆ ಕರೆದರೆ ಅರ್ಜಿ ಮುಂದೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ನಮ್ಮ ಪಕ್ಕದ ಮನೆಯವರು 2018ರಲ್ಲಿ ಅದರ ಅರ್ಜಿ, ಫಾರಂ 57, ಹಾಕಿದ್ದಾರೆ. ಅದರ ಸ್ವೀಕೃತಿ, ಸರ್ಕಾರಿ ಜಾಗ ಸಾಗುವಳಿ ಮಾಡಿದ್ದಕ್ಕೆ ಅವರಪ್ಪ ಕಟ್ಟಿದ ಟಿಟಿ ದಂಡದ ರಸೀದಿ, ಎಲ್ಲ ಒಂದು ಯೂರಿಯಾ ಚೀಲದಿಂದ ಕತ್ತರಿಸಿದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿದೆ. ಮಡಿಕೆ ಬಿಡಿಸಿದರೆ ಮಧ್ಯದಲ್ಲಿ ಹರಿಯುತ್ತದೆ ಅಂತ ಈಗ ತೋರಿಸುವುದನ್ನೂ ಬಿಟ್ಟಿದ್ದಾರೆ. ಅದಕ್ಕೇ ನನ್ನ ಮೊದಲ ಪ್ರಶ್ನೆ: "ವರ್ಷಕ್ಕೆ ಎಷ್ಟು ಸಭೆ ಕರೀತೀರಿ? ಕಂದಾಯ, ಅರಣ್ಯ ಇಬ್ಬರನ್ನೂ ಒಟ್ಟಿಗೆ ಸರ್ವೆಗೆ ನಿಲ್ಲಿಸ್ತೀರಾ?"

ಎರಡನೇದು ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ. 2018-19ರಲ್ಲಿ ಸಾಗರದ ಅರಳಗೋಡು ಕಡೆ ಜನ ಸತ್ತದ್ದು ಯಾರೂ ಮರೆತಿಲ್ಲ. ದರಕು, ಅಂದರೆ ಒಣಗಿದ ಎಲೆ, ಒಟ್ಟುಮಾಡಲು ಬೆಟ್ಟಕ್ಕೆ ಹೋಗುವ ಹೆಂಗಸರ ಕೈಗೆ, ಈ ರೋಗ ಹರಡುವ ಉಣುಗಿನ (ಉಣ್ಣೆ ಹುಳದ) ಕಾಲಕ್ಕೆ ಮೊದಲೇ, ಅದು ಕಚ್ಚದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಸಿಗುತ್ತದಾ, ಆಸ್ಪತ್ರೆಯಲ್ಲಿ ಡಾಕ್ಟರ್ ಇರುತ್ತಾರಾ? ಇಷ್ಟೇ.

ಮೂರನೇದು ಹಳ್ಳ ದಾಟುವ ಕಾಲುಸಂಕ. ಶರಾವತಿ ಹಿನ್ನೀರಿಗೆ ಕಟ್ಟಿದ ಸಿಗಂದೂರಿನ 2.44 ಕಿಲೋಮೀಟರ್ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಯಾಯಿತು. ಸಂತೋಷ. ಹೆದ್ದಾರಿ ಯೋಜನೆ, ಕೇಂದ್ರದ ದುಡ್ಡು, ಫ್ಲೆಕ್ಸಿನಲ್ಲಿ ಮಾತ್ರ ಎಲ್ಲರ ಮುಖ. ನಮ್ಮ ಹಳ್ಳಕ್ಕಿರುವುದು ಮೂರು ಅಡಿಕೆ ಮರ ಕಡಿದು ಹಾಸಿದ ಸಂಕ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಪಾಚಿ ಕಟ್ಟಿ, ಶಾಲೆ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಅಡ್ಡಡ್ಡ ಹೆಜ್ಜೆ ಇಟ್ಟು ದಾಟುತ್ತಾರೆ. ಎಂಎಲ್ಎಗೆ ವರ್ಷಕ್ಕೆ 2 ಕೋಟಿ ಪ್ರದೇಶಾಭಿವೃದ್ಧಿ ನಿಧಿ ಇರುತ್ತದೆ. ಅದರಲ್ಲಿ ಎಷ್ಟು ಸಂಕಕ್ಕೆ, ಎಷ್ಟು ಸಮುದಾಯ ಭವನಕ್ಕೆ ಅಂತ ಕೇಳಿದೆ.

"ಅದೆಲ್ಲ ಸಣ್ಣ ವಿಷಯ, ಆಗುತ್ತೆ ಬಿಡಿ" ಅಂದರು ಆ ದೊಡ್ಡವರು. ಜೊತೆಗೆ ಬಂದಿದ್ದ ಹುಡುಗ ಹೊರಡುವಾಗ ಅಮ್ಮನನ್ನು ಒಳಗೆ ಕರೆದು ಏನೋ ಲಕೋಟೆ ತೋರಿಸಿದನಂತೆ. 1952ರಲ್ಲಿ ಇದೇ ಸಾಗರ-ಹೊಸನಗರದಿಂದ ಗೆದ್ದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಓಟಿನ ಜೊತೆ ಜನರ ಹತ್ತಿರವೇ ಒಂದು ನೋಟನ್ನೂ ಕೇಳುತ್ತಿದ್ದರು ಅಂತ ಅಜ್ಜ ಹೇಳುತ್ತಿದ್ದರು. ನೋಟು ಹರಿಯುವ ದಿಕ್ಕು ಯಾವಾಗ ತಿರುಗಿತೋ.

ವಾರ ಬಿಟ್ಟು ಇನ್ನೊಬ್ಬರು ಬಂದರು, ಹಳೇ ಜೀಪು, ನಾಲ್ಕೇ ಜನ. ಅದೇ ಪ್ರಶ್ನೆ ಕೇಳಿದೆ. ಹಕ್ಕುಪತ್ರದ ವಿಷಯಕ್ಕೆ "ಅದು ನನ್ನೊಬ್ಬನ ಕೈಲಾಗೋದಲ್ಲ ಭಟ್ರೇ, ಸುಳ್ಳು ಹೇಳಲ್ಲ" ಅಂದರು. ಸಂಕದ ಮಾತಿಗೆ ಜೇಬಿನಿಂದ ಪಾಕೆಟ್ ಡೈರಿ ತೆಗೆದು, "ಹಳ್ಳದ ಅಗಲ ಎಷ್ಟಿದೆ?" ಅಂತ ಕೇಳಿದರು. ನನಗೂ ಸರಿಯಾಗಿ ಗೊತ್ತಿರಲಿಲ್ಲ. ಇಬ್ಬರೂ ತೋಟಕ್ಕಿಳಿದು ದೋಟಿ, ಅಂದರೆ ಉದ್ದದ ಗಳ, ಹಿಡಿದು ಅಳೆದೆವು.

ಅವರು ಸೋತರು. ಈ ಮಳೆಗಾಲಕ್ಕೂ ಅಡಿಕೆ ಮರ ಕಡಿದು ಹಾಕಿದ್ದು ನಾವೇ.