ರಟ್ಟಿನ ಸೋಲಾರ್ ಒಲೆ: ಒಮ್ಮೆ ಗಾಜು ತೆಗೆದು ನೋಡಿ

ಸೋಲಾರ್ ಒಲೆ ಮಾಡಲು ಕೂರಿಸಿದರೆ ಮಕ್ಕಳ ಕಣ್ಣೆಲ್ಲ ಫಾಯಿಲ್ ಮೇಲೆ. ಹೊಳೆಯುವುದೇ ಬಿಸಿ ಮಾಡುತ್ತದೆ ಅಂದುಕೊಂಡು ಪೆಟ್ಟಿಗೆಯ ತಳಕ್ಕೂ ಅದನ್ನೇ ಅಂಟಿಸಿಬಿಡುತ್ತಾರೆ. ಫಾಯಿಲ್ ಬೆಳಕನ್ನು ಬೇಕಾದ ಕಡೆ ತಿರುಗಿಸುತ್ತದೆ, ಅಷ್ಟೆ. ಬೆಳಕನ್ನು ಹೀರಿ ಬಿಸಿಯಾಗುವುದು ಕಪ್ಪು, ಆ ಬಿಸಿಯನ್ನು ಓಡಿಹೋಗದಂತೆ ಹಿಡಿಯುವುದು ಗಾಜು. ಮೂರರ ಕೆಲಸ ಬೇರೆ ಬೇರೆ ಅಂತ ಕೈಗೆ ತಿಳಿಯಲಿ ಎಂದೇ ಈ ಪೆಟ್ಟಿಗೆ.

ಎರಡು ರಟ್ಟಿನ ಡಬ್ಬ ಹುಡುಕಿ. ಹೊರಗಿನದು ಸುಮಾರು 40×35 ಸೆಂ.ಮೀ., ಎತ್ತರ 20. ಒಳಗಿನದು 30×25, ಎತ್ತರ 15. ಹೀಗಿದ್ದರೆ ಸುತ್ತಲೂ, ಕೆಳಗೂ 5 ಸೆಂ.ಮೀ. ಜಾಗ ಉಳಿಯುತ್ತದೆ. ಅದಕ್ಕೆ ಮುದುರಿದ ಹಳೇ ಪೇಪರ್ ತುಂಬಿ. ಒಣ ಭತ್ತದ ಹೊಟ್ಟು ಸಿಕ್ಕರೆ ಇನ್ನೂ ಒಳ್ಳೆಯದು. ಗಟ್ಟಿಯಾಗಿ ಒತ್ತಬೇಡಿ, ನಡುವೆ ಸಿಕ್ಕಿಕೊಂಡ ಗಾಳಿಯೇ ಇಲ್ಲಿ ಕಂಬಳಿ. ಥರ್ಮಾಕೋಲ್ ಬೇಡ, ಒಳಗೆ 90 ಡಿಗ್ರಿ ದಾಟಿದರೆ ಅದು ಮೆತ್ತಗಾಗಿ ಕುಗ್ಗುತ್ತದೆ. ಎರಡು ಡಬ್ಬಗಳ ನಡುವಿನ ಬಾಯಿಯನ್ನು ರಟ್ಟಿನ ಪಟ್ಟಿಗಳಿಂದ ಮುಚ್ಚಿ. ಗಾಜು ಕೂರುವುದು ಈ ಪಟ್ಟಿಗಳ ಮೇಲೆ.

ಒಳಗಿನ ನಾಲ್ಕೂ ಗೋಡೆಗೆ ಫಾಯಿಲ್, ತಳಕ್ಕೆ ಕಪ್ಪು ಚಾರ್ಟ್ ಪೇಪರ್. ಅಂಟಿಗೆ ಮೈದಾ ಗೋಂದು ಸಾಕು, ತೆಳ್ಳಗೆ ಹಚ್ಚಿ. ಸೆಲ್ಲೋ ಟೇಪ್ ಬಿಸಿಗೆ ಬಿಟ್ಟುಕೊಳ್ಳುತ್ತದೆ. ಗಾಜಿನ ಅಂಗಡಿಯಲ್ಲಿ 3 ಮಿ.ಮೀ. ಗಾಜನ್ನು 35×30ಕ್ಕೆ ಕತ್ತರಿಸಿ, ಅಂಚು ಉಜ್ಜಿಸಿ ತನ್ನಿ. ಗಾಜನ್ನು ಎತ್ತಿ ಇಡುವುದು ಮಾತ್ರ ದೊಡ್ಡವರ ಕೆಲಸ. ಇನ್ನೊಂದು ರಟ್ಟಿಗೆ ಸುಕ್ಕಿಲ್ಲದಂತೆ ಫಾಯಿಲ್ ಅಂಟಿಸಿ, ಡಬ್ಬದ ಹಿಂಬದಿಗೆ ಮುಚ್ಚಳದ ಹಾಗೆ ನಿಲ್ಲಿಸಿ, ಕಡ್ಡಿಯ ಆಸರೆ ಕೊಡಿ. ಹೊಳೆಯುವ ಬೆಳಕಿನ ತುಂಡು ಗಾಜಿನ ಮೇಲೆ ಬೀಳುವವರೆಗೆ ಕಡ್ಡಿ ಸರಿಸುತ್ತಿರಿ. ಆ ಫಾಯಿಲನ್ನು ನೇರವಾಗಿ ದಿಟ್ಟಿಸಬಾರದು ಅಂತ ಮೊದಲೇ ಹೇಳಿಬಿಡಿ.

ಪಾತ್ರೆಯ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಫಳಫಳ ಸ್ಟೀಲ್ ಬಟ್ಟಲು ಇಟ್ಟು ಬಿಸಿಯಾಗಲಿಲ್ಲ ಎನ್ನುತ್ತಾರೆ. ಸೌದೆ ಒಲೆಯ ಮೇಲೆ ಕೂತು ಮಸಿ ಹಿಡಿದ ಪಾತ್ರೆ ಇದ್ದರೆ ಇಲ್ಲಿ ಅದೇ ರಾಜ. ಅದಿಲ್ಲದಿದ್ದರೆ ಸಣ್ಣ ಡಬ್ಬಿಯ ಹೊರಮೈಯನ್ನು ದೀಪದ ಮಸಿಗೆ ಹಿಡಿಯಿರಿ. ಮುಚ್ಚಳ ಬೇಕೇ ಬೇಕು, ಅದೂ ಕಪ್ಪಾಗಿರಲಿ. ತೆರೆದಿಟ್ಟರೆ ಆವಿ ಗಾಜಿಗೆ ಹತ್ತಿ ಮಂಜು ಕಟ್ಟುತ್ತದೆ. ಬೆಳಕೂ ಕಡಿಮೆ, ನೀರು ಆವಿಯಾಗಲು ಬಿಸಿಯೂ ಖರ್ಚು.

ಇನ್ನು ದಿಕ್ಕು. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ಮಧ್ಯದ ಹೊತ್ತಿಗೆ ಇನ್ನೊಮ್ಮೆ, 12:20ರ ಆಸುಪಾಸು, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಪೆಟ್ಟಿಗೆ ಮಟ್ಟವಾಗಿದ್ದರೆ ಸಾಕು. ಡಿಸೆಂಬರ್ ಕೊನೆಯಲ್ಲಿ ಅದೇ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ಬಾಗಿ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ, ಆಗ ಹಿಂಬದಿಗೆ ಇಟ್ಟಿಗೆ ಕೊಟ್ಟು ದಕ್ಷಿಣಕ್ಕೆ ಓರೆ ಮಾಡಬೇಕು. ಲೆಕ್ಕ ಬೇಡವಾದರೆ ಗಾಜಿನ ಮೇಲೆ ಒಂದು ಪೆನ್ಸಿಲನ್ನು ಗಾಜಿಗೆ ಲಂಬವಾಗಿ ಹಿಡಿದು, ಅದರ ನೆರಳು ಮಾಯವಾಗುವವರೆಗೆ ಪೆಟ್ಟಿಗೆ ಓರೆ ಮಾಡಿ. ಅರ್ಧ ಗಂಟೆಗೊಮ್ಮೆ ಮತ್ತೆ ನೋಡಿ. ಮಕ್ಕಳಿಗೆ ಇದೇ ಹೆಚ್ಚು ಇಷ್ಟ.

ಮೊದಲ ದಿನ ಬೆಣ್ಣೆ ಸಾಕು, ನಿಮಿಷಗಳಲ್ಲಿ ಕರಗಿ ಉತ್ಸಾಹ ಹುಟ್ಟಿಸುತ್ತದೆ. ಎರಡನೇ ದಿನ 100 ಮಿ.ಲೀ. ನೀರು ಇಟ್ಟು ಹತ್ತು ನಿಮಿಷಕ್ಕೊಮ್ಮೆ ಉಷ್ಣತೆ ಬರೆಸಿ, ಜ್ವರ ನೋಡುವ ಥರ್ಮಾಮೀಟರಿನಲ್ಲಂತೂ ಅಲ್ಲ, ಅದು ಒಡೆಯುತ್ತದೆ. 110 ಡಿಗ್ರಿವರೆಗೆ ತೋರಿಸುವ ಲ್ಯಾಬಿನದು ತನ್ನಿ. ಮರುದಿನ ಅದೇ ಹೊತ್ತಿಗೆ, ಅಷ್ಟೇ ನೀರಿಟ್ಟು, ಗಾಜಿಲ್ಲದೆ ಮಾಡಿ. ಏನಾಗುತ್ತದೆ ಅಂತ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಗಾಜಿದ್ದರೆ ಬೆಳಕು ಕಡಿಮೆ ಬರುವುದರಿಂದ ಗಾಜಿಲ್ಲದಾಗಲೇ ಜಾಸ್ತಿ ಕಾಯುತ್ತದೆ ಎಂದು ಬರೆಯುವ ಜಾಣರು ಸಿಗುತ್ತಾರೆ. ಅವರ ಮಾತಿನ ಮೊದಲರ್ಧ ನಿಜವೇ. ಆದರೆ ಗಾಜಿಲ್ಲದಿದ್ದರೆ ಬಿಸಿಗಾಳಿ ಮೇಲೆದ್ದು ಹೋಗುತ್ತದೆ, ಬೀಸುವ ಗಾಳಿ ಉಳಿದದ್ದನ್ನೂ ಹೊತ್ತೊಯ್ಯುತ್ತದೆ. 1767ರಲ್ಲೇ ಸ್ವಿಸ್ ವಿಜ್ಞಾನಿ ಸೊಸ್ಯೂರ್ ಒಂದರೊಳಗೊಂದು ಗಾಜಿನ ಪೆಟ್ಟಿಗೆ ಇಟ್ಟು ಈ ಬಿಸಿ ಅಳೆದಿದ್ದ. ಎರಡೆರಡು ಚಮಚ ನೆನೆಸಿದ ಅಕ್ಕಿ ಬೇಯಿಸುವ ಆಸೆಯಿದ್ದರೆ 11ಕ್ಕೇ ಇಡಿ. ಎರಡು-ಮೂರು ಗಂಟೆ ಹಿಡಿಯುತ್ತದೆ, ಮೋಡ ಬಂದರೆ ಬಿಟ್ಟುಬಿಡಿ.

ಆರು, ಏಳನೇ ತರಗತಿಯವರಾದರೆ ಲೆಕ್ಕವನ್ನೂ ಮಾಡಿಸಿ. ನಿಚ್ಚಳ ನಡುಹಗಲಲ್ಲಿ ಸೂರ್ಯನಿಗೆ ಎದುರಾದ ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಒಳಬಾಯಿ 30×25 ಸೆಂ.ಮೀ., ಅಂದರೆ 0.075 ಚದರ ಮೀಟರ್, ಅದಕ್ಕೆ 75 ವ್ಯಾಟ್, ಎಂದರೆ ಸೆಕೆಂಡಿಗೆ 75 ಜೂಲ್. 100 ಮಿ.ಲೀ. ನೀರನ್ನು 60 ಡಿಗ್ರಿ ಏರಿಸಲು ಬೇಕಾದದ್ದು ಸುಮಾರು 25,000 ಜೂಲ್. ಹಾಗಾದರೆ ಐದಾರು ನಿಮಿಷ ಸಾಕಲ್ಲ? ಹಿಡಿದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಉಳಿದದ್ದು ಎಲ್ಲಿ ಹೋಯಿತು ಅಂತ ಅವರೇ ಹುಡುಕಲಿ. ಹೊರ ಡಬ್ಬ ಮುಟ್ಟಿ ನೋಡಲಿ, ಗಾಜಿನ ಹತ್ತಿರ ಕೈ ಹಿಡಿಯಲಿ. ಪೆಟ್ಟಿಗೆ ಆರಿದ ಮೇಲೆ ಊದುಬತ್ತಿಯನ್ನು ಒಳಗೆ ಒಂದು ನಿಮಿಷ ಹಿಡಿದು ಹೊರತೆಗೆದು, ಕೂಡಲೇ ಗಾಜು ಮುಚ್ಚಿ. ಹೊಗೆ ಎಳೆಎಳೆಯಾಗಿ ಹೊರಬರುವ ಮೂಲೆಗೆ ಇನ್ನೊಂದು ಪಟ್ಟಿ ಗೋಂದು ಹಚ್ಚಿ ಅಂಟಿಸಿ.