ಆಯಿಲ್ ವಯಸ್ಸು ಕಿಲೋಮೀಟರ್ ನೋಡಿದರೆ ಗೊತ್ತಾಗಲ್ಲ

ಸಂಡೂರು ಕಡೆ ಅದಿರು ಸಾಗಿಸುವ ಟಿಪ್ಪರ್‌ಗಳ ರಿಪೇರಿ ನನ್ನ ಕೆಲಸ. ಮೇ ತಿಂಗಳ ಉರಿಬಿಸಿಲಲ್ಲಿ ಒಂದು ಗಾಡಿ ನೀಲಿ ಹೊಗೆ ಬಿಡುತ್ತಾ ಬಂತು. ಎಕ್ಸಾಸ್ಟ್ ರಭಸಕ್ಕೆ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ತುಂಬೋ ಟರ್ಬೊ ಹೋಗಿತ್ತು. ಮ್ಯಾನೇಜರ್ ಬಂದವರೇ, "ಆಯಿಲ್ ಲೆವೆಲ್ ನೋಡದೆ ಓಡಿಸಿದ್ದಾನೆ, ಸಂಬಳದಲ್ಲಿ ಹಿಡೀರಿ" ಅಂದರು. ಡಿಪ್‌ಸ್ಟಿಕ್ ಎಳೆದರೆ ಲೆವೆಲ್ ಸರಿಯಾಗೇ ಇತ್ತು. ಸರ್ವೀಸ್ ಕಾರ್ಡ್ ಪ್ರಕಾರ ಆಯಿಲ್ ಚೇಂಜ್‌ಗೆ ಇನ್ನೂ ಬೇಕಾದಷ್ಟು ಕಿಲೋಮೀಟರ್ ಬಾಕಿ.

ಎಲ್ಲರ ಎದುರೇ ಟರ್ಬೊಗೆ ಆಯಿಲ್ ಒಯ್ಯೋ ಫೀಡ್ ಪೈಪ್ ಬಿಚ್ಚಿಸಿದೆ. ಬೆಳಕಿಗೆ ಹಿಡಿದರೆ ಆಚೆ ಏನೂ ಕಾಣಲಿಲ್ಲ. ತಂತಿ ತೂರಿಸಿದರೆ ಅರ್ಧಕ್ಕೇ ನಿಂತಿತು. ಜೋರಾಗಿ ತಳ್ಳಿದಾಗ ಕರಿ ಚೂರುಗಳು ಉದುರಿದವು, ತಳ ಹಿಡಿದ ಪಾತ್ರೆ ಕೆರೆದ ಹಾಗೆ. ಬೆರಳಲ್ಲಿ ತಿಕ್ಕಿದರೆ ಜಿಡ್ಡೇ ಇಲ್ಲ, ಬರೀ ಪುಡಿ. ಯಾರೂ ಮಾತಾಡಲಿಲ್ಲ. ಆಮೇಲೆ ಡ್ರೈವರ್ ಮೆಲ್ಲಗೆ, "ಅಣ್ಣಾ, ನಿಂತ ಕೂಡ್ಲೇ ಆಫ್ ಮಾಡ್ರಿ ಅಂತ ಇವರೇ ಹೇಳ್ಯಾರ" ಅಂದ.

ಹೌದು, ಡೀಸೆಲ್ ಉಳಿಸೋಕೆ ಆಫೀಸೇ ಹಾಕಿದ ರೂಲ್ ಅದು. ಲೋಡ್ ಹೊತ್ತು ಏರು ಹತ್ತಿ ಬಂದ ಗಾಡಿಯ ಟರ್ಬೊದಲ್ಲಿ ಎಕ್ಸಾಸ್ಟ್ ಶಾಖ 600 ಡಿಗ್ರಿ ಸೆಲ್ಸಿಯಸ್ ದಾಟಿರುತ್ತೆ. ಗಾಡಿ ತೂಗೋ ವೇಬ್ರಿಡ್ಜ್ ಕ್ಯೂನಲ್ಲಿ ತಕ್ಷಣ ಆಫ್ ಮಾಡಿದರೆ ಆಯಿಲ್ ಪಂಪೂ ನಿಲ್ಲುತ್ತೆ. ಬೇರಿಂಗಿನಲ್ಲಿ, ಪೈಪಿನ ಬಾಯಲ್ಲಿ ಉಳಿದ ಆಯಿಲ್ ಅಲ್ಲೇ ಸುಟ್ಟು ಕರಕಲಾಗುತ್ತೆ. ದಿನವಿಡೀ ಇದೇ ಆದರೆ ಪೈಪ್ ಕಟ್ಟದೆ ಇನ್ನೇನು? ಎರಡು ಮೂರು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟಿದ್ದರೆ ಸಾಕಿತ್ತು.

ಇಂಜಿನ್ ತಳದ ಸಂಪ್‌ನಲ್ಲಿದ್ದ ಆಯಿಲ್ಲೂ ಲ್ಯಾಬ್‌ಗೆ ಕಳಿಸಿದೆ. ಕಪ್ಪಾಗಿದೆ ಅಂತಲ್ಲ, ಡೀಸೆಲ್ ಇಂಜಿನ್‌ನಲ್ಲಿ ಮಸಿಯಿಂದ ಬೇಗ ಕಪ್ಪಾಗೋದು ಮಾಮೂಲು. ನಾವು ಹಾಕೋದು 15ಡಬ್ಲ್ಯೂ-40; ಕೊನೆಯ 40 ಅಂದರೆ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಅನ್ನೋ ಗ್ರೇಡ್. 100 ಡಿಗ್ರಿಯಲ್ಲಿ 40 ಗ್ರೇಡ್ ಆಯಿಲ್ ದಪ್ಪ, ಅದನ್ನ ಅಳೆಯೋ ಮಾನದಲ್ಲಿ, 16.3 ಸೆಂಟಿಸ್ಟೋಕ್‌ಗಿಂತ ಕಡಿಮೆ ಇರಬೇಕು. ರಿಪೋರ್ಟಿನಲ್ಲಿ ಅದು ದಾಟಿತ್ತು, ಆಸಿಡ್ ತಡೆಯೋ ಶಕ್ತಿಯ ಅಳತೆ ಟಿಬಿಎನ್ ಬಿದ್ದಿತ್ತು. ಅಂದರೆ ಆಯಿಲ್ ಗಾಳಿ ಜೊತೆ ಬೆಂದು ಮಂದವಾಗಿದೆ, ಆಸಿಡ್ ತಡೆಯೋ ಶಕ್ತಿಯೂ ಸೋತಿದೆ. ಆಯಿಲ್ 10 ಡಿಗ್ರಿ ಜಾಸ್ತಿ ಬಿಸಿಯಾದರೆ ಈ ಆಕ್ಸಿಡೇಶನ್ ಹೆಚ್ಚುಕಮ್ಮಿ ದುಪ್ಪಟ್ಟು ವೇಗದಲ್ಲಿ ನಡೆಯುತ್ತೆ. ನಮ್ಮ ಗಾಡಿಗಳು ಧೂಳು ತುಂಬಿದ ರೇಡಿಯೇಟರ್ ಇಟ್ಟುಕೊಂಡು ಫಸ್ಟ್ ಗೇರಲ್ಲಿ ಏರು ಹತ್ತುತ್ತವೆ. ಕಿಲೋಮೀಟರ್ ಕೂಡೋದೇ ಇಲ್ಲ, ಬೇಯೋದು ಮಾತ್ರ ಗಂಟೆಗಟ್ಟಲೆ. ಹೆದ್ದಾರಿ ಲಾರಿಯ ಲೆಕ್ಕ ಇಲ್ಲಿ ಹೇಗೆ ನಡೆಯುತ್ತೆ?

ಈಗ ಇಂಜಿನ್ ಓಡಿದ ಗಂಟೆ ತೋರಿಸೋ ಅವರ್ ಮೀಟರ್ ನೋಡಿ ಆಯಿಲ್ ಬದಲಿಸುತ್ತೇವೆ, ದಿನಾ ರೇಡಿಯೇಟರಿಗೆ ಗಾಳಿ ಹೊಡೆಸುತ್ತೇವೆ. ಆಫ್ ಮಾಡೋ ರೂಲನ್ನೂ ಸದ್ದಿಲ್ಲದೆ ತೆಗೆದರು. ಡ್ರೈವರ್ ಸಂಬಳದಲ್ಲಿ ಹಿಡಿದ ದುಡ್ಡು ಮಾತ್ರ ಇನ್ನೂ ವಾಪಸ್ ಬಂದಿಲ್ಲ. ಲ್ಯಾಬ್ ರಿಪೋರ್ಟ್ ಹಿಡ್ಕೊಂಡು ಪ್ರತಿ ಮೀಟಿಂಗಲ್ಲೂ ಕೇಳ್ತಾನೇ ಇದ್ದೇನೆ.